ನೀಲಿ ಗುಂಡಿ ಎಲ್ಲಿಟ್ಟೆ?

ಪುಟ ಮಾಡಲು ಅರ್ಧ ಗಂಟೆ, ಅದಕ್ಕೆ ಬೇಕಾದ ಒಂದು ನೀಲಿ ಗುಂಡಿ ಹುಡುಕಲು ಒಂದು ಗಂಟೆ. ಡಿಜಿಟಲ್ ಸ್ಕ್ರ್ಯಾಪ್‌ಬುಕ್, ಅಂದರೆ ಫೋಟೋಗಳನ್ನು ಅಲಂಕರಿಸಿದ ಆಲ್ಬಮ್ ಪುಟಗಳನ್ನು ಕಂಪ್ಯೂಟರ್‌ನಲ್ಲೇ ಮಾಡುವವರ ಗೋಳು ಬಹುಪಾಲು ಇದೇ. ಕಾಗದ, ಕತ್ತರಿ, ಗೋಂದು ಹಿಡಿದು ಆಲ್ಬಮ್ ಮಾಡುತ್ತಿದ್ದ ಕಾಲದಲ್ಲಿ ಸಾಮಾನು ಜಾಸ್ತಿಯಾದರೆ ಬೀರುವಿನ ಬಾಗಿಲು ಮುಚ್ಚುತ್ತಿರಲಿಲ್ಲ. ಸಾಕು ಅಂತ ಬೀರುವೇ ಹೇಳುತ್ತಿತ್ತು. ಕಂಪ್ಯೂಟರ್ ಹಾಗೆ ಹೇಳುವುದಿಲ್ಲ. ಎಷ್ಟು ತುರುಕಿದರೂ ಒಳಗೆ ಹೋಗುತ್ತದೆ, ಆಮೇಲೆ ಹೊರಗೆ ಬರುವುದಿಲ್ಲ ಅಷ್ಟೇ.

ಈಗಷ್ಟೇ ಶುರು ಮಾಡಿದವರಿಗೆ ಒಂದು ಮಾತು. ನಾವು ಇಳಿಸಿಕೊಳ್ಳುವ ಸಾಮಾನು ಸಾಮಾನ್ಯವಾಗಿ ಕಿಟ್ ರೂಪದಲ್ಲಿ, ಅಂದರೆ ಒಂದಕ್ಕೊಂದು ಹೊಂದುವ ಚಿತ್ರಗಳ ಒಂದು ಕಟ್ಟಾಗಿ ಬರುತ್ತದೆ. ಹಿನ್ನೆಲೆಗೆ ಹಾಕುವ ಪೇಪರ್‌ಗಳು ಜೆಪಿಜಿ ಫೈಲುಗಳು. ಹೂ, ರಿಬ್ಬನ್, ಗುಂಡಿ, ಫ್ರೇಮ್ ಇಂಥ ಎಲಿಮೆಂಟ್‌ಗಳು ಪಿಎನ್‌ಜಿ. ಪಿಎನ್‌ಜಿಯ ಹಿನ್ನೆಲೆ ಪಾರದರ್ಶಕವಾಗಿರಬಲ್ಲದು, ಅವುಗಳ ಸುತ್ತ ಬಿಳಿ ಚೌಕ ಕಾಣಬಾರದಲ್ಲ, ಅದಕ್ಕೆ. ಒಂದು ಕಿಟ್‌ನಲ್ಲಿ 50 ಫೈಲು ಇದ್ದರೆ, 20 ಕಿಟ್ ಸೇರುವಷ್ಟರಲ್ಲಿ ಸಾವಿರ ಆಯಿತು. ಸೇರುವುದಕ್ಕೆ ಎಷ್ಟು ದಿನ ಬೇಕು ಹೇಳಿ!

ನಾನು ಮೊದಲು ಮಾಡಿದ ತಪ್ಪನ್ನು ಹೇಳಿಬಿಡುತ್ತೇನೆ. ಹೊಲಿಗೆ ಡಬ್ಬಿಯಲ್ಲಿ ಗುಂಡಿ ಒಂದು ಕಡೆ, ದಾರ ಒಂದು ಕಡೆ ಇಡುವ ಹಾಗೆ, ಎಲ್ಲ ಕಿಟ್‌ಗಳನ್ನೂ ಒಡೆದು ಗುಂಡಿಗೊಂದು ಫೋಲ್ಡರ್, ಹೂವಿಗೊಂದು ಫೋಲ್ಡರ್, ಪೇಪರ್‌ಗೊಂದು ಫೋಲ್ಡರ್ ಮಾಡಿದೆ. ಮೂರು ವಾರ ಕೂತು ಮಾಡಿದ ಕೆಲಸ. ಪೇಪರ್‌ಗಳನ್ನು ಸಾಗಿಸುವಾಗ ಕಂಪ್ಯೂಟರ್ ಏನೋ ಕೇಳುತ್ತಲೇ ಇತ್ತು. ಅದೇ ಹೆಸರಿನ ಫೈಲು ಅಲ್ಲಿ ಈಗಾಗಲೇ ಇದೆ, ಅದರ ಜಾಗಕ್ಕೆ ಇದನ್ನು ಹಾಕಲಾ ಅಂತ. ನಾನು ಸುಮ್ನೆ ಹೂಂ, ಹೂಂ ಅಂತ ಒತ್ತುತ್ತಾ ಹೋದೆ. ಎಷ್ಟೋ ಕಿಟ್‌ಗಳಲ್ಲಿ ಪೇಪರ್‌ಗಳ ಹೆಸರು ಬರೀ ‘ಪೇಪರ್ 1’, ‘ಪೇಪರ್ 2’ ಅಂತಲೇ ಇರುತ್ತದೆ ಅನ್ನುವುದು ಆಮೇಲೆ ಹೊಳೆಯಿತು. ಒಂದರ ಮೇಲೊಂದು ಬಿದ್ದು ಹಳೆಯವು ಅಳಿಸಿಹೋಗಿದ್ದವು. ಉಳಿದಿದ್ದರಲ್ಲೂ ಯಾವುದು ಯಾವ ಕಿಟ್‌ನದು, ಯಾರು ಮಾಡಿದ್ದು ಅನ್ನುವುದು ತಿಳಿಯದು.

ಅದಕ್ಕೇ ಹೇಳುವುದು, ಕಿಟ್ ಒಡೆಯಬೇಡಿ. ಒಂದು ಕಿಟ್ ಮಾಡಿದವರು ಅದರ ಐದಾರು ಬಣ್ಣಗಳನ್ನು ಒಂದಕ್ಕೊಂದು ಹೊಂದುವಂತೆ ಆರಿಸಿರುತ್ತಾರೆ. ಆ ರಿಬ್ಬನ್ ಆ ಪೇಪರ್ ಮೇಲೆ ಚೆನ್ನಾಗಿ ಕಾಣುವುದು ಅದಕ್ಕೇ. ಚೆಲ್ಲಾಪಿಲ್ಲಿ ಮಾಡಿದರೆ ಆ ಹೊಂದಾಣಿಕೆಯನ್ನು ನೀವೇ ಮತ್ತೆ ಹುಡುಕಬೇಕು. ಇನ್ನೊಂದು ವಿಷಯ, ಬಳಕೆಯ ಷರತ್ತುಗಳ ಫೈಲು ಕಿಟ್ ಜೊತೆಗೇ ಬರುತ್ತದೆ. ಮನೆ ಬಳಕೆಗೆ ಮಾತ್ರವೋ, ಮಾಡಿ ಮಾರಲೂಬಹುದೋ ಅನ್ನುವುದು ಅದರಲ್ಲಿರುತ್ತದೆ. ಅದು ಕಿಟ್ ಪಕ್ಕದಲ್ಲೇ ಇರಲಿ, ಕಸ ಅಂತ ಅಳಿಸಬೇಡಿ.

ಹೊಸ ಕಿಟ್ ಬಂದ ದಿನವೇ ಅದಕ್ಕೆ ಹತ್ತು ನಿಮಿಷ ಕೊಡಿ. ನಾಳೆ ಅಂದರೆ ಡೌನ್‌ಲೋಡ್ಸ್ ಫೋಲ್ಡರ್‌ನಲ್ಲೇ ಕೊಳೆಯುತ್ತದೆ. ಮೊದಲು ಜಿಪ್, ಅಂದರೆ ಎಲ್ಲ ಫೈಲುಗಳನ್ನೂ ಒಟ್ಟಿಗೆ ಕಟ್ಟಿದ ಗಂಟು, ಬಿಚ್ಚಿ. ದೊಡ್ಡ ಕಿಟ್ ಎರಡು ಮೂರು ಜಿಪ್‌ಗಳಾಗಿ ಬಂದಿರುತ್ತದೆ, ಎಲ್ಲವನ್ನೂ ಒಂದೇ ಫೋಲ್ಡರ್‌ಗೆ ಸೇರಿಸಿ. ಬಿಚ್ಚಿದಾಗ ಫೋಲ್ಡರ್ ಒಳಗೆ ಅದೇ ಹೆಸರಿನ ಫೋಲ್ಡರ್, ಅದರೊಳಗೆ ಇನ್ನೊಂದು, ಹೀಗೆ ಬರುವುದುಂಟು. ಆ ಪದರಗಳನ್ನು ತೆಗೆದುಹಾಕಿ. ವಿಂಡೋಸ್‌ನಲ್ಲಿ ಒಂದು ಫೈಲಿನ ಪೂರ್ತಿ ವಿಳಾಸ, ಅಂದರೆ ಎಲ್ಲ ಫೋಲ್ಡರ್‌ಗಳ ಹೆಸರೂ ಸೇರಿ, ಸಾಮಾನ್ಯವಾಗಿ 260 ಅಕ್ಷರದೊಳಗೆ ಇರಬೇಕು. ಉದ್ದ ಹೆಸರಿನ ಫೋಲ್ಡರ್‌ಗಳು ಒಂದರೊಳಗೊಂದು ಸೇರಿದರೆ ಜಿಪ್ ಬಿಚ್ಚುವುದೇ ಅರ್ಧಕ್ಕೆ ನಿಲ್ಲುತ್ತದೆ. ಕಂಪ್ಯೂಟರ್ ಕೆಟ್ಟಿದೆ ಅಂತ ಗಾಬರಿಯಾಗಬೇಡಿ. ಮ್ಯಾಕ್‌ನಲ್ಲಿ ಮಾಡಿದ ಜಿಪ್ ಆದರೆ ಮ್ಯಾಕ್‌ಒಎಸ್‌ಎಕ್ಸ್ ಅನ್ನುವ ಒಂದು ಫೋಲ್ಡರ್ ಜೊತೆಗೆ ಬರುತ್ತದೆ. ವಿಂಡೋಸ್‌ನಲ್ಲಿ ಅದು ನಮಗೆ ಯಾವ ಉಪಯೋಗಕ್ಕೂ ಬಾರದು, ಅಳಿಸಿ. ಫೋಲ್ಡರ್‌ಗೆ ಮಾಡಿದವರ ಹೆಸರು, ಆಮೇಲೆ ಕಿಟ್ ಹೆಸರು ಇಟ್ಟರೆ ಸಾಕು.

ಈಗ ಹುಡುಕುವ ವಿಷಯ. ಒಡೆಯದೆ ಇಟ್ಟರೆ ಗುಂಡಿ ಸಿಗುವುದು ಹೇಗೆ? ನನ್ನ ಮೊಮ್ಮಗಳು, ‘ಅಜ್ಜಿ, ಸರ್ಚ್‌ನಲ್ಲಿ ಹಾಕಿದರೆ ಆಯ್ತಪ್ಪ’ ಅಂದಳು. ಹಾಕಿದೆ. ನೂರಾರು ಗುಂಡಿಗಳಲ್ಲಿ ನಾಲ್ಕು ಸಿಕ್ಕವು. ಮಿಕ್ಕವುಗಳ ಹೆಸರು ‘ಎಲಿಮೆಂಟ್ 14’ ಅಂತ ಇದ್ದರೆ ಸರ್ಚ್ ಪಾಪ ಏನು ಮಾಡೀತು?

ನನಗೆ ಒಗ್ಗಿದ ದಾರಿ ಇದು. ಪ್ರತಿ ಕಿಟ್ ಜೊತೆ ಪ್ರಿವ್ಯೂ ಚಿತ್ರ ಒಂದು ಬರುತ್ತದೆ, ಕಿಟ್‌ನಲ್ಲಿರುವುದನ್ನೆಲ್ಲ ಒಂದೇ ಚಿತ್ರದಲ್ಲಿ ಹರಡಿ ತೋರಿಸುವುದು. ಅದರ ಒಂದು ನಕಲು ತೆಗೆದು, ಕಿಟ್‌ನ ಹೆಸರನ್ನೇ ಕೊಟ್ಟು, ‘ಕ್ಯಾಟಲಾಗ್’ ಅನ್ನುವ ಒಂದೇ ಫೋಲ್ಡರ್‌ಗೆ ಹಾಕುತ್ತೇನೆ. ಪುಟ ಮಾಡುವ ಮುಂಚೆ ಆ ಫೋಲ್ಡರ್ ತೆರೆದು ದೊಡ್ಡ ಚಿತ್ರಗಳಾಗಿ ನೋಡುತ್ತಾ ಹೋದರೆ, ಎರಡೇ ನಿಮಿಷಕ್ಕೆ ಕಣ್ಣು ಎಲ್ಲೋ ನಿಲ್ಲುತ್ತದೆ. ಆ ಫೋಲ್ಡರನ್ನು ಫೋನಿಗೂ ಹಾಕಿಕೊಂಡಿದ್ದೇನೆ. ಹೊಸದು ಕಂಡು ಆಸೆಯಾದಾಗ ಇಂಥದ್ದು ಆಗಲೇ ಇದೆಯಾ ಅಂತ ನೋಡಲು ಬರುತ್ತದೆ. ಬಹಳ ಸಲ ಇರುತ್ತದೆ. ಕಂಕುಳಲ್ಲಿ ಕೂಸು ಇಟ್ಟುಕೊಂಡು ಊರೆಲ್ಲ ಹುಡುಕಿದ ಹಾಗೆ, ನಮ್ಮಲ್ಲಿ ಇರುವುದನ್ನೇ ಮತ್ತೆ ಮತ್ತೆ ಇಳಿಸಿಕೊಳ್ಳುವ ಚಟ ನಮ್ಮಂಥವರಿಗೆಲ್ಲ ಇದ್ದದ್ದೇ. ಪ್ರಿವ್ಯೂನ ಇನ್ನೊಂದು ನಕಲಿಗೆ ಇಂಗ್ಲಿಷಿನಲ್ಲಿ ‘ಫೋಲ್ಡರ್’ ಅಂತ ಹೆಸರಿಟ್ಟು ಕಿಟ್ ಒಳಗೇ ಬಿಟ್ಟರೆ, ವಿಂಡೋಸ್ ಅದನ್ನೇ ಆ ಫೋಲ್ಡರ್‌ನ ಮುಖಚಿತ್ರವಾಗಿ ತೋರಿಸುತ್ತದೆ. ಜೆಪಿಜಿ ಆಗಿರಬೇಕು, ಅಷ್ಟೇ.

ಟ್ಯಾಗ್ ಹಾಕುವುದು, ಅಂದರೆ ಫೈಲಿಗೆ ಹುಡುಕಲು ಬರುವಂಥ ಪದಗಳ ಚೀಟಿ ಅಂಟಿಸುವುದು, ಇದರ ಮುಂದಿನ ಮಾತು. ಎಲ್ಲ ಫೈಲಿಗೂ ಟ್ಯಾಗ್ ಹಾಕಲು ಹೊರಟವರು ಮುಗಿಸಿದ್ದನ್ನು ನಾನು ಕಂಡಿಲ್ಲ. ಮೊದಲು ಕ್ಯಾಟಲಾಗ್‌ನ ಪ್ರಿವ್ಯೂಗಳಿಗೆ ಮಾತ್ರ ಹಾಕಿ. ಕಿಟ್‌ಗೆ ಮೂರು ನಾಲ್ಕು ಸಾಕು: ಮುಖ್ಯ ಬಣ್ಣ, ಸಂದರ್ಭ, ಕಾಲ. ನೀವು ಹುಡುಕುವಾಗ ಮನಸ್ಸಿಗೆ ಯಾವ ಪದ ಬರುತ್ತದೋ ಅದೇ ಟ್ಯಾಗ್ ಆಗಲಿ. ‘ಮಳೆ’ ಅಂತ ನೆನೆಸಿಕೊಳ್ಳುವವರು ‘ಋತು’ ಅಂತ ಟ್ಯಾಗ್ ಹಾಕಿ ಏನು ಪ್ರಯೋಜನ? ಬಳಸುವ ಪದಗಳನ್ನು ಒಂದು ಚೀಟಿಯಲ್ಲಿ ಬರೆದು ಪಕ್ಕದಲ್ಲಿಟ್ಟುಕೊಳ್ಳಿ. ನಾನು ಒಂದು ದಿನ ‘ಹೂ’, ಇನ್ನೊಂದು ದಿನ ‘ಹೂವು’, ಮತ್ತೊಂದು ದಿನ ‘ಹೂಗಳು’ ಅಂತ ಹಾಕಿ, ನನ್ನ ಹೂಗಳನ್ನು ನಾನೇ ಮೂರು ಪಾಲು ಮಾಡಿದ್ದೆ. ಆಮೇಲೆ, ಪದೇ ಪದೇ ಬಳಸುವ ಗುಂಡಿ, ಫ್ರೇಮ್, ರಿಬ್ಬನ್‌ಗಳಿಗೆ ಮಾತ್ರ ಬಿಡಿಬಿಡಿಯಾಗಿ ಟ್ಯಾಗ್ ಹಾಕಿ. ಒಂದು ಪುಟಕ್ಕೆ ಬಳಸಿದಾಗಲೇ ಹಾಕಿಬಿಟ್ಟರೆ ಅದೊಂದು ಬೇರೆ ಕೆಲಸ ಅನ್ನಿಸುವುದಿಲ್ಲ.

ವಿಂಡೋಸ್‌ನ ಫೈಲ್ ಎಕ್ಸ್‌ಪ್ಲೋರರ್‌ನಲ್ಲಿ ಜೆಪಿಜಿಗೆ ಟ್ಯಾಗ್ ಹಾಕಬಹುದು, ಪಿಎನ್‌ಜಿಗೆ ಆಗುವುದಿಲ್ಲ. ನಮ್ಮ ಎಲಿಮೆಂಟ್‌ಗಳೆಲ್ಲ ಪಿಎನ್‌ಜಿ, ನೋಡಿ ಗ್ರಹಚಾರ. ಮ್ಯಾಕ್‌ನ ಫೈಂಡರ್‌ನಲ್ಲಿ ಯಾವ ಫೈಲಿಗಾದರೂ ಹಾಕಬಹುದು. ವಿಂಡೋಸ್ ಬಳಸುವವರು ಫೋಟೋ ಜೋಡಿಸಿಡುವ ಡಿಜಿಕ್ಯಾಮ್ ಅನ್ನುವ ಪ್ರೋಗ್ರಾಮ್ ನೋಡಬಹುದು, ಅದಕ್ಕೆ ಹಣ ಕೊಡಬೇಕಿಲ್ಲ. ಅಂಥದ್ದೇ ಅಡೋಬಿ ಬ್ರಿಡ್ಜ್ ಇದೆ, ಫೋಟೋಶಾಪ್ ಎಲಿಮೆಂಟ್ಸ್ ಇಟ್ಟುಕೊಂಡವರಿಗೆ ಅದರ ಆರ್ಗನೈಸರ್ ಇದೆ. ಯಾವುದೇ ಆಗಲಿ, ಟ್ಯಾಗ್ ಆ ಪ್ರೋಗ್ರಾಮ್‌ನ ಸ್ವಂತ ಪಟ್ಟಿಯಲ್ಲಿ ಉಳಿಯುತ್ತದೋ, ಫೈಲಿನ ಒಳಗೇ ಬರೆಯಲಾಗುತ್ತದೋ ಅಂತ ಮೊದಲು ತಿಳಿದುಕೊಳ್ಳಿ. ಆರ್ಗನೈಸರ್‌ನಲ್ಲಿ ಮೆಟಾಡೇಟಾವನ್ನು, ಅಂದರೆ ಟ್ಯಾಗ್‌ನಂಥ ಮಾಹಿತಿಯನ್ನು, ಫೈಲಿಗೆ ಉಳಿಸುವ ಆಜ್ಞೆ ಬೇರೆಯಾಗಿ ಕೊಡಬೇಕು, ಡಿಜಿಕ್ಯಾಮ್‌ನಲ್ಲಿ ಸೆಟ್ಟಿಂಗ್‌ನಲ್ಲಿದೆ. ಹಾಗೆಯೇ, ಒಮ್ಮೆ ಆರ್ಗನೈಸರ್‌ಗೆ ಒಪ್ಪಿಸಿದ ಫೋಲ್ಡರ್‌ಗಳನ್ನು ಸರಿಸಬೇಕಾದರೆ ಅದರೊಳಗಿಂದಲೇ ಸರಿಸಿ. ಹೊರಗಿಂದ ಎಳೆದು ಹಾಕಿದರೆ ಫೈಲು ಕಾಣೆ ಅಂತ ಅದು ಪ್ರಶ್ನಾರ್ಥಕ ಚಿಹ್ನೆ ತೋರಿಸುತ್ತಾ ಕೂರುತ್ತದೆ.

ಕಿಟ್ ಒಡೆಯಬಾರದು ಅಂದೆ. ಅದಕ್ಕೆ ಒಂದು ಹೊರತು, ಟೆಂಪ್ಲೇಟ್‌ಗಳು, ಅಂದರೆ ಫೋಟೋ ಕೂರಿಸಲು ಜಾಗ ಬಿಟ್ಟು ಮೊದಲೇ ಜೋಡಿಸಿದ ಪುಟದ ಮಾದರಿಗಳು. ಫೋಟೋಶಾಪ್‌ನ ಪಿಎಸ್‌ಡಿ ಫೈಲಿನಲ್ಲಿ ಒಂದರ ಮೇಲೊಂದು ಲೇಯರ್, ಅಂದರೆ ಪದರ, ಆಗಿ ಬರುವ ಇವುಗಳನ್ನು ನಾವು ಬಣ್ಣದಿಂದ ಹುಡುಕುವುದಿಲ್ಲ, ‘ಮೂರು ಫೋಟೋ ಹಿಡಿಯುವಂಥದ್ದು ಬೇಕು’ ಅಂತ ಹುಡುಕುತ್ತೇವೆ. ಅದಕ್ಕೆ 1 ಫೋಟೋ, 2 ಫೋಟೋ, 3 ಫೋಟೋ ಅಂತಲೇ ಫೋಲ್ಡರ್ ಮಾಡಿ. ವಿಂಡೋಸ್ ಪಿಎಸ್‌ಡಿಯ ಚಿತ್ರವನ್ನು ತಾನಾಗಿ ತೋರಿಸುವುದಿಲ್ಲವಾದ್ದರಿಂದ ಅದರ ಪ್ರಿವ್ಯೂ ಜೆಪಿಜಿಗೂ ಅದೇ ಹೆಸರಿಟ್ಟು ಪಕ್ಕದಲ್ಲಿಡಿ.

ಫಾಂಟ್‌ಗಳದು ಬೇರೆ ಕಥೆ. ಸಿಕ್ಕಿದ್ದನ್ನೆಲ್ಲ ಇನ್‌ಸ್ಟಾಲ್ ಮಾಡಿದರೆ ಪಟ್ಟಿ ಉದ್ದವಾಗಿ, ಪ್ರೋಗ್ರಾಮ್ ತೆರೆಯುವುದೂ ನಿಧಾನವಾಗುತ್ತದೆ. ಬೇಕಾದ ಇಪ್ಪತ್ತು ಮೂವತ್ತು ಮಾತ್ರ ಇನ್‌ಸ್ಟಾಲ್ ಮಾಡಿ, ಉಳಿದವು ಫೋಲ್ಡರ್‌ನಲ್ಲೇ ಮಲಗಿರಲಿ.

ಇನ್ನು ಎಸೆಯುವುದು. ಇದು ಕಷ್ಟ, ನನಗೂ ಕಷ್ಟ. ನನ್ನ ಮೊದಲ ಜರಡಿ ಅಳತೆ. 12 ಇಂಚಿನ ಚೌಕ ಪುಟವನ್ನು ಇಂಚಿಗೆ 300 ಚುಕ್ಕಿಯಂತೆ ಮುದ್ರಿಸಲು ಪೇಪರ್ 3600 ಪಿಕ್ಸೆಲ್ ಅಗಲ, 3600 ಪಿಕ್ಸೆಲ್ ಎತ್ತರ ಇರಬೇಕು. ಅದರ ಅರ್ಧವೂ ಇಲ್ಲದ ಹಳೆಯ ಪೇಪರ್‌ಗಳು ಪರದೆಯ ಮೇಲೆ ಚೆನ್ನಾಗಿ ಕಂಡು ಅಚ್ಚಿನಲ್ಲಿ ಮಸುಕಾಗುತ್ತವೆ. ಅಂಥವು ಹೋಗಲಿ. ಎರಡೆರಡು ಸಲ ಇಳಿಸಿದ್ದನ್ನು ಹಿಡಿಯಲು ಡೂಪ್‌ಗುರು ಅನ್ನುವ ಪ್ರೋಗ್ರಾಮ್ ಇದೆ, ಅದೂ ಉಚಿತ. ಆದರೆ ಅದು ತೋರಿಸಿದ್ದನ್ನು ಕಣ್ಣಾರೆ ನೋಡದೆ ಅಳಿಸಬೇಡಿ. ನನ್ನ ‘ಹೂಂ, ಹೂಂ’ ನೆನಪಿದೆಯಲ್ಲ?

ಪುಟ ಮಾಡಲು ಕೂತಾಗ ಮೂಲ ಫೈಲನ್ನು ತೆರೆದು ಬಣ್ಣ ಬದಲಿಸಿ ಅಲ್ಲೇ ಸೇವ್ ಮಾಡುವವರಿದ್ದಾರೆ. ದಮ್ಮಯ್ಯ, ಹಾಗೆ ಮಾಡಬೇಡಿ. ಜೆಪಿಜಿಯನ್ನು ಬದಲಿಸಿ ಸೇವ್ ಮಾಡಿದಷ್ಟೂ ಸ್ವಲ್ಪ ಸ್ವಲ್ಪ ಸವೆಯುತ್ತದೆ. ಪುಟದ ಹೆಸರಿನಲ್ಲಿ ಒಂದು ಫೋಲ್ಡರ್ ಮಾಡಿ, ಅದಕ್ಕೆ ಬೇಕಾದ ಫೋಟೋ, ಪೇಪರ್, ಎಲಿಮೆಂಟ್‌ಗಳ ನಕಲು ಹಾಕಿಕೊಂಡು ಕೆಲಸ ಮಾಡಿ. ಹೆಸರಿನ ಮೊದಲಿಗೆ ತಾರೀಖನ್ನು 2024-05-12 ಅಂತ ವರ್ಷದಿಂದ ಶುರು ಮಾಡಿ ಬರೆದರೆ ಪುಟಗಳು ತಾವಾಗಿ ಸಾಲಿನಲ್ಲಿ ನಿಲ್ಲುತ್ತವೆ. ಮುಗಿದ ಮೇಲೆ ಲೇಯರ್ ಸಮೇತ ಪಿಎಸ್‌ಡಿ ಒಂದು, ಮುದ್ರಣಕ್ಕೆ ಜೆಪಿಜಿ ಒಂದು ಉಳಿಸಿ, ನಕಲುಗಳನ್ನು ಅಳಿಸಿ.

ಬಿಚ್ಚಿದ ಜಿಪ್‌ಗಳನ್ನು ಕಂಪ್ಯೂಟರ್‌ನಲ್ಲೇ ಇಡಬೇಡಿ. ಜೆಪಿಜಿ, ಪಿಎನ್‌ಜಿಗಳು ಮೊದಲೇ ಕುಗ್ಗಿಸಿದ ಫೈಲುಗಳಾದ್ದರಿಂದ ಜಿಪ್‌ನಿಂದ ಜಾಗವೇನೂ ಉಳಿಯುವುದಿಲ್ಲ, ಒಂದೇ ಸಾಮಾನು ಎರಡು ಪಾಲು ಜಾಗ ತಿನ್ನುತ್ತದೆ. ಹೊರಗಿನ ಹಾರ್ಡ್ ಡಿಸ್ಕ್‌ಗೆ ಸಾಗಿಸಿ, ಅದು ನಿಮ್ಮ ಬ್ಯಾಕಪ್ ಆಗುತ್ತದೆ. ಮುಗಿದ ಪುಟಗಳಿಗೆ ಮಾತ್ರ ಒಟ್ಟು ಮೂರು ಪ್ರತಿ ಇರಲಿ, ಅವು ಎರಡು ಬಗೆಯ ಸಾಧನದಲ್ಲಿರಲಿ, ಒಂದು ಪ್ರತಿ ಮನೆಯ ಹೊರಗೆ ಇರಲಿ. ಕ್ಲೌಡ್‌ಗೆ ಸಿಂಕ್ ಆಗುತ್ತಿದೆಯಲ್ಲ ಅಂತ ನಿಶ್ಚಿಂತೆಯಾಗಿ ಕೂರಬೇಡಿ. ಇಲ್ಲಿ ಅಳಿಸಿದರೆ ಅಲ್ಲೂ ಅಳಿಯುತ್ತದೆ. ನನ್ನ ಒಂದು ಡಿಸ್ಕ್ ಯಾವ ಸುಳಿವೂ ಕೊಡದೆ ಒಂದು ಬೆಳಿಗ್ಗೆ ಬರೀ ಕಟಕಟ ಅಂದು ಸುಮ್ಮನಾಯಿತು. ಅವತ್ತಿನಿಂದ ತಿಂಗಳಿಗೊಮ್ಮೆ ಬ್ಯಾಕಪ್ ಡಿಸ್ಕ್ ಹಾಕಿ, ನಾಲ್ಕಾರು ಫೈಲುಗಳನ್ನು ನಿಜವಾಗಿ ತೆರೆದು ನೋಡಿ ಎತ್ತಿಡುತ್ತೇನೆ.