ಶುಗರ್ ಇರುವ ಅಜ್ಜ, ಹತ್ತು ಹುಣಸೆ ಬೀಜ

ರಾಯಚೂರು ಜಿಲ್ಲೆಯ ಮಾನ್ವಿ, ಸಿಂಧನೂರು ಕಡೆಯ ಹಳ್ಳಿಗಳಲ್ಲಿ ಶುಗರ್ ಇರುವ ಹಿರಿಯರನ್ನು ಮಾತಾಡಿಸುತ್ತೇನೆ. ರಕ್ತ ಪರೀಕ್ಷೆ ಬೇರೆಯವರು ಮಾಡುತ್ತಾರೆ. ತಮ್ಮ ಕಾಯಿಲೆ ಬಗ್ಗೆ ಇವರು ಏನಂದುಕೊಂಡಿದ್ದಾರೆ ಎಂದು ಅಳೆಯುವುದು ನನ್ನ ಪಾಲಿನ ಕೆಲಸ.

ಬಳಸುವುದು 2006ರಲ್ಲಿ ಬಂದ 'ಬ್ರೀಫ್ ಇಲ್‌ನೆಸ್ ಪರ್ಸೆಪ್ಷನ್ ಕ್ವಶ್ಚನೇರ್', ಅಂದರೆ ತಮ್ಮ ಕಾಯಿಲೆ ಬಗ್ಗೆ ರೋಗಿ ಏನಂದುಕೊಂಡಿದ್ದಾರೆ ಎಂದು ಕೇಳುವ ಚಿಕ್ಕ ಪ್ರಶ್ನಾವಳಿ. ಒಟ್ಟು 9 ಪ್ರಶ್ನೆ. ಮೊದಲ 8ಕ್ಕೆ 0ರಿಂದ 10ರೊಳಗೆ ಅಂಕ. ಕೊನೆಯದಕ್ಕೆ ಅಂಕವಿಲ್ಲ, ಕಾಯಿಲೆ ಯಾಕೆ ಬಂತು ಅಂತ ಮೂರು ಕಾರಣ ಹೇಳಬೇಕು.

ವಯಸ್ಸಾದವರಿಗೆ ಒಂದೇ ಕಾಯಿಲೆ ಇರುವುದು ಕಡಿಮೆ. ಬಿ.ಪಿ., ಮೊಣಕಾಲು ನೋವು, ಕಣ್ಣಿನ ಪೊರೆ ಎಲ್ಲಾ ಸೇರಿಕೊಂಡಿರುತ್ತೆ. ಹಾಗಾಗಿ ಪ್ರತಿ ಪ್ರಶ್ನೆಗೂ 'ನಿಮ್ಮ ಶುಗರ್' ಅಂತಲೇ ಕೇಳುತ್ತೇನೆ. ಸುಮ್ನೆ 'ಕಾಯಿಲೆ' ಅಂದರೆ ಮಾತು ಮೊಣಕಾಲಿಗೇ ಹೋಗುತ್ತೆ. ಕಟ್ಟೆ ಮೇಲೂ ಕೇಳುವುದಿಲ್ಲ, ಅಲ್ಲಿ ಅಜ್ಜನ ಉತ್ತರ ಪಕ್ಕದವರು ಹೇಳುತ್ತಾರೆ. ಸೊಸೆ ನಾಟಿಗೆ ಹೋದ ಮೇಲೆ ಮನೆಯಲ್ಲೇ ಕೂರುವುದು ವಾಸಿ.

ಓದು ಬಾರದವರಿಗೆ ಕಾಗದದ ಮೇಲಿನ ಗೆರೆ ಹತ್ತುವುದಿಲ್ಲ. ಅದಕ್ಕೆ ಹತ್ತು ಹುಣಸೆ ಬೀಜ ಮುಂದಿಡುತ್ತೇನೆ. ಎಷ್ಟು ಅನಿಸುತ್ತೋ ಅಷ್ಟು ಬೀಜ ಈ ಕಡೆ ಸರಿಸಬೇಕು. ಏನೂ ಇಲ್ಲ ಅನಿಸಿದರೆ ಮುಟ್ಟಬಾರದು.

ಮಾನ್ವಿ ಹತ್ತಿರದ ಒಬ್ಬ ಅಜ್ಜ. "ಯಜ್ಜಾ, ನಿಮ್ಮ ಶುಗರ್ ಇನ್ನೂ ಎಷ್ಟು ದಿನ ಇರ್ತೈತಿ?" ಅಂದೆ. ಎರಡೇ ಬೀಜ ಸರಿಸಿದರು, ಅಂದರೆ ಸ್ವಲ್ಪ ದಿನ ಅಷ್ಟೇ. ಚಿಕಿತ್ಸೆಯಿಂದ ಎಷ್ಟು ಉಪಯೋಗ ಅಂದಾಗ ಹತ್ತನ್ನೂ ಬಾಚಿ ತಳ್ಳಿದರು. "ಗುಳಿಗಿ ತೀರಿದ್ರ ಶುಗರೂ ಹೋತಲ್ಲವಾ!"

ಲೆಕ್ಕದ ಸಮಸ್ಯೆ ಇಲ್ಲೇ ಇದೆ. 3, 4, 7ನೇ ಪ್ರಶ್ನೆಗಳ ಅಂಕ ತಿರುಗಿಸಿ (10 ಇದ್ದರೆ 0, 0 ಇದ್ದರೆ 10; ಚಿಕಿತ್ಸೆಯದು 4ನೇ ಪ್ರಶ್ನೆ) ಎಲ್ಲಾ ಕೂಡಿದರೆ 80ರೊಳಗೆ ಒಂದು ಮೊತ್ತ ಬರುತ್ತೆ. ಮೊತ್ತ ಜಾಸ್ತಿ ಇದ್ದಷ್ಟೂ ಕಾಯಿಲೆ ಬಗ್ಗೆ ಭಯ ಜಾಸ್ತಿ ಅಂತ ಅರ್ಥ. ಅಜ್ಜನ ಆ ಎರಡು ಉತ್ತರದಿಂದ ಮೊತ್ತಕ್ಕೆ ಸೇರಿದ್ದು 2 ಮತ್ತು 0. ನೋಡಿದವರು 'ಪರವಾಗಿಲ್ಲ, ಧೈರ್ಯವಾಗಿದ್ದಾರೆ' ಅಂದುಕೊಳ್ಳುತ್ತಾರೆ. ಅಜ್ಜನೋ ಕೊಟ್ಟ ಗುಳಿಗೆ ಮುಗಿದ ದಿನವೇ ಚಿಕಿತ್ಸೆ ನಿಲ್ಲಿಸುವವರು! ಅದಕ್ಕೇ ಗುಳಿಗೆ ಕೊಡುವ ಸಿಸ್ಟರ್‌ಗೆ ನಾನು ಮೊತ್ತ ಹೇಳುವುದಿಲ್ಲ, ಈ ಎರಡು ಉತ್ತರ ಬಿಡಿಯಾಗಿ ಹೇಳುತ್ತೇನೆ.

ಒಂಬತ್ತನೇ ಪ್ರಶ್ನೆ ನನಗೆ ಎಲ್ಲಕ್ಕಿಂತ ಇಷ್ಟ. 'ವಯಸ್ಸಾತಲ್ಲ', 'ಮಗಳ ಮದುವಿ ಸಾಲದ ಚಿಂತಿ', 'ಜ್ವಾಳದ ರೊಟ್ಟಿ ಬಿಟ್ಟು ಅನ್ನ ಹಿಡಿದ್ವಿ'. ಹೇಳಿದ್ದನ್ನು ಹೇಳಿದ ಹಾಗೇ ಬರೆದುಕೊಳ್ಳುತ್ತೇನೆ. ಕೊನೆಯದನ್ನು 'ಆಹಾರ' ಅಂತ ಒಂದು ಖಾನೆಗೆ ಹಾಕುವುದು ಸುಲಭ. ಆದರೆ ಅನ್ನವೇ ಕಾರಣ ಅನ್ನುವವರ ಜೊತೆ ಊಟದ ಮಾತು ಅಲ್ಲಿಂದಲೇ ಶುರು ಮಾಡಬಹುದು. ವಯಸ್ಸೇ ಕಾರಣ ಅನ್ನುವವರ ಜೊತೆ ಮಾತು ಮುಂದುವರಿಸುವುದು ಕಷ್ಟ.