ಪಿಟಿ ಪೀರಿಯಡ್‌ನಲ್ಲಿ ರಗ್ಬಿ: ಪಾಸ್‌ನಿಂದ ಪೊಸಿಷನ್‌ವರೆಗೆ

ರಗ್ಬಿ ಕಲಿಸಲು ಹೊರಟಾಗ ಹದಿನೈದು ಪೊಸಿಷನ್‌ಗಳ ಪಟ್ಟಿಯಿಂದ ಶುರು ಮಾಡಬೇಡಿ. ಪ್ರಾಪ್, ಹುಕರ್, ಫ್ಲಾಂಕರ್ ಎಂಬ ಹೆಸರುಗಳೇನೋ ಬಾಯಿಪಾಠವಾಗುತ್ತವೆ; ಆಟ ಶುರುವಾದ ಕೂಡಲೇ ಎಲ್ಲರೂ ಚೆಂಡಿಗೆ ಮುತ್ತಿಕೊಳ್ಳುತ್ತಾರೆ. ರಗ್ಬಿಯಲ್ಲಿ ಚೆಂಡನ್ನು ಕೈಯಿಂದ ಮುಂದಕ್ಕೆ ಪಾಸ್ ಮಾಡುವಂತಿಲ್ಲ; ಹಾಗಾಗಿ ಚೆಂಡು ಹಿಡಿದವರಿಗಿಂತ ತಾನು ಎಷ್ಟು ಹಿಂದೆ, ಎಷ್ಟು ಪಕ್ಕಕ್ಕೆ ಇರಬೇಕು ಎಂಬ ಅಂದಾಜು ಮಕ್ಕಳಿಗೆ ಮೊದಲು ಬರಬೇಕು. ಹೆಸರು ಆಮೇಲೆ.

10ರಿಂದ 14 ವರ್ಷದವರಿಗೆ 4ನೇ ಸೈಜಿನ ಚೆಂಡು, ಅದಕ್ಕೂ ಚಿಕ್ಕವರಿಗೆ 3ನೇ ಸೈಜು. ದೊಡ್ಡ ಚೆಂಡು ಕೊಟ್ಟರೆ ಎದೆಗವಚಿಕೊಂಡು ಓಡುತ್ತಾರೆಯೇ ಹೊರತು ಪಾಸ್ ಮಾಡುವುದಿಲ್ಲ. ಎದುರಾಳಿಯನ್ನು ಹಿಡಿದು ಕೆಡವುವ ಟ್ಯಾಕಲ್ ಬೇಡವೇ ಬೇಡ. ಬದಲಿಗೆ ಸೊಂಟದ ಎರಡೂ ಬದಿಗೆ ಒಂದೊಂದು ಟ್ಯಾಗ್ (ಎದುರಾಳಿ ಕಿತ್ತು ಓಟ ತಡೆಯುವ ಪಟ್ಟಿ) ಕಟ್ಟಿಸಿ, ಅಂಗಿಯನ್ನು ಒಳಗೆ ಸಿಕ್ಕಿಸಲು ಹೇಳಿ. ಅಂಗಿ ಹೊರಗಿದ್ದರೆ ಟ್ಯಾಗ್ ಮುಚ್ಚಿಹೋಗುತ್ತದೆ, ಎದುರಾಳಿಯ ಕೈಗೆ ಬಟ್ಟೆ ಸಿಗುತ್ತದೆ, ಇಬ್ಬರೂ ಬೀಳುತ್ತಾರೆ.

ಪಾಸ್ ಅಭ್ಯಾಸಕ್ಕೆ ನಾಲ್ಕು ಮಂದಿ 3 ಮೀಟರ್ ಅಂತರದಲ್ಲಿ, ಪ್ರತಿಯೊಬ್ಬರೂ ಪಕ್ಕದವರಿಗಿಂತ ಎರಡು ಹೆಜ್ಜೆ ಹಿಂದೆ ಇದ್ದು ನಿಧಾನವಾಗಿ ಓಡಲಿ. ಬೆರಳು ಅಗಲಿಸಿ ಚೆಂಡನ್ನು ಎರಡೂ ಕೈಯಲ್ಲಿ ಹಿಡಿಯಬೇಕು; ಹಿಡಿಯುವವರತ್ತ ತಿರುಗಿ ನೋಡಿ, ತೋಳನ್ನು ದೇಹದ ಅಡ್ಡಕ್ಕೆ ಬೀಸಿ ಬಿಡಬೇಕು. ಬಿಟ್ಟ ಮೇಲೂ ಬೆರಳುಗಳು ಹಿಡಿಯುವವರ ಎದೆಯತ್ತಲೇ ಇರಬೇಕು. ಹಿಡಿಯುವವರು ಮೊದಲೇ ಕೈ ಎತ್ತಿ ತೋರಿಸಿರಲಿ. ಪಾಸ್ ಮುಂದಕ್ಕೆ ಹೋಯಿತೇ ಎಂದು ತೀರ್ಮಾನಿಸುವಾಗ ಚೆಂಡು ಎಲ್ಲಿ ಬಿತ್ತು ಎನ್ನುವುದನ್ನಲ್ಲ, ಕೈಯಿಂದ ಯಾವ ದಿಕ್ಕಿಗೆ ಹೊರಟಿತು ಎನ್ನುವುದನ್ನು ನೋಡಿ. ಓಡುತ್ತಾ ಬಿಟ್ಟ ಚೆಂಡು ಓಟದ ವೇಗದಿಂದಲೇ ಸ್ವಲ್ಪ ಮುಂದೆ ಸಾಗುತ್ತದೆ.

ಪೊಸಿಷನ್ ನಿಜವಾಗಿ ಕಲಿಯುವುದು ಇಬ್ಬರ ವಿರುದ್ಧ ಒಬ್ಬರ ಆಟದಲ್ಲಿ. ಹೆಚ್ಚು ಸಮಯವನ್ನು ಇದಕ್ಕೇ ಕೊಡಿ. 10 ಮೀಟರ್ ಅಗಲ, 15 ಮೀಟರ್ ಉದ್ದದ ಜಾಗಕ್ಕೆ ಕೋನ್ ಇಡಿ. ಚೆಂಡು ಹಿಡಿದವರು ಡಿಫೆಂಡರ್ ಕಡೆಗೇ ನೇರ ಓಡಬೇಕು, ಅದೂ ತನ್ನ ಜೊತೆಗಾರರು ಇಲ್ಲದ ಬದಿಯ ಭುಜಕ್ಕೆ ಗುರಿಯಿಟ್ಟು. ಆಗ ಡಿಫೆಂಡರ್ ಇವರನ್ನು ಬಿಟ್ಟು ಜೊತೆಗಾರರತ್ತ ಸರಿಯಲಾರರು. ಡಿಫೆಂಡರ್‌ಗೂ ಇವರಿಗೂ ನಡುವೆ ಎರಡು ಮೀಟರ್ ಉಳಿದಾಗ ಪಾಸ್. ಅದಕ್ಕೂ ಮೊದಲೇ ಕೊಟ್ಟರೆ ಡಿಫೆಂಡರ್‌ಗೆ ಸರಿಯಲು ಸಮಯ ಸಿಗುತ್ತದೆ. ತಡವಾದರೆ ಟ್ಯಾಗ್ ಹೋಗುತ್ತದೆ. ಇನ್ನೂ ದೊಡ್ಡ ತಪ್ಪು ಅಡ್ಡ ಓಟ: ಚೆಂಡು ಹಿಡಿದವರು ಪಕ್ಕಕ್ಕೆ ಓಡಿದರೆ ಜೊತೆಗಾರರ ಜಾಗವನ್ನು ತಾವೇ ತಿಂದು, ಅವರನ್ನು ಗೆರೆಯಾಚೆ ತಳ್ಳಿದಂತಾಗುತ್ತದೆ. ಶುರುವಿನಲ್ಲೇ 2 ಮೀಟರ್ ಅಗಲಕ್ಕೆ ಎರಡು ಕೋನ್ ಇಟ್ಟು, ಅವುಗಳ ನಡುವೆಯೇ ಹಾದು ಬರಲು ಹೇಳಿದರೆ ಓಟ ನೇರವಾಗುತ್ತದೆ.

ಜೊತೆಗಾರರ ಕಾಲನ್ನೂ ಗಮನಿಸಿ. ನಿಂತೇ ಚೆಂಡು ಹಿಡಿಯುತ್ತಿದ್ದರೆ ಅವರು ತೀರಾ ಮುಂದಿದ್ದಾರೆ ಎಂದರ್ಥ. ಮೂರ್ನಾಲ್ಕು ಹೆಜ್ಜೆ ಹಿಂದೆ ನಿಲ್ಲಿಸಿ, ಓಡಿಬಂದು ಹಿಡಿಯುವಂತೆ ಮಾಡಿ.

ಇದು ಹಿಡಿತಕ್ಕೆ ಬಂದ ಮೇಲೆ ಮೂವರ ವಿರುದ್ಧ ಇಬ್ಬರು, ಆಮೇಲೆ ಐವರ ವಿರುದ್ಧ ಐವರು. ಈಗ ಹೆಸರು ಕೊಡಬಹುದು. ಚೆಂಡನ್ನು ಎತ್ತಿ ಕೊಡುವವರು ಸ್ಕ್ರಮ್ ಹಾಫ್, ಮೊದಲು ಹಿಡಿದು ಎತ್ತ ಆಡಬೇಕೆಂದು ನಿರ್ಧರಿಸುವವರು ಫ್ಲೈ ಹಾಫ್, ಅವರ ಹೊರಗೆ ಸೆಂಟರ್, ಅಂಚಿನ ಗೆರೆಯ ಪಕ್ಕದಲ್ಲಿ ವಿಂಗ್, ಎಲ್ಲರ ಹಿಂದೆ ಫುಲ್‌ಬ್ಯಾಕ್. ದಾಳಿಯಲ್ಲಿ ಇವರು ಒಬ್ಬರ ಹಿಂದೊಬ್ಬರು ಓರೆಯಾಗಿ ಹಬ್ಬಿರುತ್ತಾರೆ. ರಕ್ಷಣೆಗೆ ನಿಂತಾಗ ನಾಲ್ವರು ಒಂದೇ ಗೆರೆಯಲ್ಲಿ ಮುಂದೆ ಸಾಗಬೇಕು, ಫುಲ್‌ಬ್ಯಾಕ್ ಮಾತ್ರ 8 ಮೀಟರ್‌ನಷ್ಟು ಹಿಂದೆ. ಒಬ್ಬರು ಮಾತ್ರ ಮುನ್ನುಗ್ಗಿದರೆ ಅವರ ಪಕ್ಕದಲ್ಲೇ ಬಾಗಿಲು ತೆರೆಯುತ್ತದೆ. ಆದ್ದರಿಂದ ಗೆರೆಯ ನಡುವೆ ಇರುವವರು "ಮುಂದೆ!" ಎಂದು ಕೂಗಲಿ, ಉಳಿದವರು ಆ ದನಿಗೆ ಹೆಜ್ಜೆ ಹಾಕಲಿ.

ವೇಗದ ಮಕ್ಕಳನ್ನು ಸದಾ ವಿಂಗ್‌ಗೆ, ಅಂಜುವವರನ್ನು ಸದಾ ಹಿಂದಕ್ಕೆ ಹಾಕುವ ಅಭ್ಯಾಸ ಬಿಡಿ. ನಾಲ್ಕು ನಿಮಿಷಕ್ಕೊಮ್ಮೆ ಸೀಟಿ ಊದಿ ಎಲ್ಲರನ್ನೂ ಒಂದು ಸ್ಥಾನ ಪಕ್ಕಕ್ಕೆ ಬದಲಿಸಿ. ವಿಂಗ್‌ಗೆ ಚೆಂಡೇ ಹೋಗುತ್ತಿಲ್ಲವಾದರೆ, ಅಂಚಿನ ಗೆರೆಯ ಪಕ್ಕದ 5 ಮೀಟರ್ ಪಟ್ಟಿಯಲ್ಲಿ ಮುಟ್ಟಿಸಿದ ಟ್ರೈಗೆ (ಎದುರಾಳಿಯ ಕೊನೆಗೆರೆಯಾಚೆ ಚೆಂಡನ್ನು ನೆಲಕ್ಕೆ ಮುಟ್ಟಿಸುವುದು) ಎರಡರಷ್ಟು ಅಂಕ ಕೊಡಿ. ಮುಂದಿನ ಸುತ್ತಿನಿಂದಲೇ ಪಾಸ್ ಹೊರಕ್ಕೆ ಹರಿಯತೊಡಗುತ್ತದೆ.