ಕರ್ತನ ಪ್ರಾರ್ಥನೆಯಲ್ಲಿ ದಿನಕ್ಕೊಂದು ಬೇಡಿಕೆ: ವಾರವಿಡೀ ಪ್ರಾರ್ಥಿಸುವ ಬಗೆ

ಬಾಯಿಪಾಠವಾದ ಪ್ರಾರ್ಥನೆ ಅರ್ಧ ನಿಮಿಷದಲ್ಲಿ ಮುಗಿದುಹೋಗುತ್ತದೆ. ಯೇಸು ತನ್ನ ಶಿಷ್ಯರಿಗೆ ಕಲಿಸಿದ, ಬೈಬಲಿನ ಮತ್ತಾಯನ ಸುವಾರ್ತೆಯ 6ನೆಯ ಅಧ್ಯಾಯದಲ್ಲಿರುವ ಕರ್ತನ ಪ್ರಾರ್ಥನೆಯಲ್ಲಿ ಏಳು ಬೇಡಿಕೆಗಳಿವೆಯೆಂದು ಕಥೋಲಿಕರೂ ಲೂಥರನ್ನರೂ ಎಣಿಸುತ್ತಾರೆ. ಕೊನೆಯ ಎರಡನ್ನು ಕೂಡಿಸಿ ಆರೆನ್ನುವ ಕ್ರೈಸ್ತ ಸಭೆಗಳೂ ಉಂಟು. ಏಳೆಂಬುದು ವಾರಕ್ಕೆ ಹೊಂದುವುದರಿಂದ, ಇಡೀ ಪ್ರಾರ್ಥನೆಯನ್ನು ದಿನವೂ ಹೇಳುತ್ತಲೇ ಭಾನುವಾರದಿಂದ ದಿನಕ್ಕೊಂದು ಬೇಡಿಕೆಯ ಬಳಿ ತುಸು ಹೊತ್ತು ನಿಲ್ಲಿರಿ.

ಮೊದಲ ಮೂರು ದಿನ ದೇವರ ನಾಮ, ರಾಜ್ಯ, ಚಿತ್ತಗಳಿಗೆ ಮೀಸಲು. ಈ ಪ್ರಾರ್ಥನೆಯಲ್ಲಿ 'ನಾನು' ಎಂಬ ಪದ ಒಮ್ಮೆಯೂ ಬರುವುದಿಲ್ಲ. ಆದುದರಿಂದ ಒಬ್ಬರೇ ಕುಳಿತು 'ನಮ್ಮ ತಂದೆಯೇ' ಎನ್ನುವಾಗ, ಆ 'ನಮ್ಮ' ಎಂಬುದರೊಳಗೆ ಸೇರಿಸಿಕೊಳ್ಳಲು ನಿಮಗೆ ಮನಸ್ಸಿಲ್ಲದ ಒಬ್ಬರನ್ನು ನೆನೆಯಿರಿ.

ಬುಧವಾರ ಅನುದಿನದ ಆಹಾರದ ಸರದಿ. 'ಅನುದಿನದ' ಎಂದು ನಾವು ಓದುವ ಕಡೆ ಮೂಲದಲ್ಲಿರುವ 'ಎಪಿಯೂಸಿಯೊಸ್' ಎಂಬ ಗ್ರೀಕ್ ಪದ ಎಷ್ಟು ಅಪರೂಪದ್ದೆಂದರೆ, ಗ್ರೀಕ್ ಬರಹಗಾರರಲ್ಲಿ ಯಾರೂ ಅದನ್ನು ಬಳಸಿಲ್ಲವೆಂದು 3ನೆಯ ಶತಮಾನದಲ್ಲೇ ಕ್ರೈಸ್ತ ಪಂಡಿತ ಒರಿಗೆನ್ ಗಮನಿಸಿದ್ದ; ಇಂದಿನದೋ, ಬೇಕಾದಷ್ಟೋ, ನಾಳಿನದೋ ಎಂಬ ಚರ್ಚೆ ಈಗಲೂ ಮುಗಿದಿಲ್ಲ. ಮಾರ್ಟಿನ್ ಲೂಥರ್ 1529ರ ಕಿರು ಪ್ರಶ್ನೋತ್ತರಿಯಲ್ಲಿ ಈ ಆಹಾರದ ಪಟ್ಟಿಗೆ ಬಟ್ಟೆ, ಮನೆ, ಒಳ್ಳೆಯ ಆಡಳಿತ, ಒಳ್ಳೆಯ ಹವೆ, ನಂಬಿಗಸ್ತ ನೆರೆಹೊರೆಯವರನ್ನೂ ಸೇರಿಸಿದ. ಬೆಳಿಗ್ಗೆ ಡಬ್ಬದಿಂದ ಅಕ್ಕಿ ಅಳೆಯುವಾಗ ಒಂದು ಪಾವಿಗೆ ಕೈ ನಿಲ್ಲಿಸಿ, ನಾಟಿ ಮಾಡಿದವರಿಂದ ಹಿಡಿದು ಮಿಲ್ಲಿನಲ್ಲಿ ಮೂಟೆ ಹೊತ್ತವರವರೆಗೆ ನೆನೆದು, ಅವರ ಮನೆಯ ಒಲೆಗಾಗಿಯೂ ಬೇಡಿರಿ.

ಗುರುವಾರದ್ದು ಎಲ್ಲಕ್ಕಿಂತ ಕಷ್ಟದ ಬೇಡಿಕೆ: ನಾವು ಇತರರ ತಪ್ಪುಗಳನ್ನು ಮನ್ನಿಸಿದಂತೆ ನಮ್ಮ ತಪ್ಪುಗಳನ್ನೂ ಮನ್ನಿಸು ಎಂಬುದು. ನಾವು 'ತಪ್ಪು' ಎನ್ನುವ ಕಡೆ ಮತ್ತಾಯನಲ್ಲಿರುವುದು 'ಸಾಲ' ಎಂಬ ಅರ್ಥದ ಪದ. ಅದೇ ಸುವಾರ್ತೆಯ 18ನೆಯ ಅಧ್ಯಾಯದಲ್ಲಿ ಯೇಸು ಹೇಳುವ ಸಾಮ್ಯಕಥೆಯಲ್ಲಿ ಅರಸನು ಆಳಿಗೆ 10,000 ತಲಾಂತುಗಳ ಸಾಲ ಬಿಟ್ಟುಬಿಡುತ್ತಾನೆ; ಅದೇ ಆಳು 100 ದಿನಾರಿಗಾಗಿ ಜೊತೆಯವನ ಕುತ್ತಿಗೆ ಹಿಸುಕುತ್ತಾನೆ. ಒಂದು ದಿನಾರಿ ಒಂದು ದಿನದ ಕೂಲಿ, ಒಂದು ತಲಾಂತು ಸುಮಾರು 6,000 ದಿನಾರಿ. ಲೆಕ್ಕ ಹಾಕಿದರೆ ನೂರು ದಿನದ ಕೂಲಿಯೂ ಬಡವನಿಗೆ ಸಣ್ಣ ಮೊತ್ತವಲ್ಲ, ಅಂದರೆ ನಿಮಗಾದ ನೋವು ಏನೂ ಅಲ್ಲವೆಂದು ಯೇಸು ಹೇಳುತ್ತಿಲ್ಲ. ಆದುದರಿಂದ ಆದ ಅನ್ಯಾಯವನ್ನು ಒಂದು ಚೀಟಿಯಲ್ಲಿ ಇದ್ದದ್ದು ಇದ್ದಂತೆ ಬರೆದು, ನೀವು ಮನ್ನಿಸುತ್ತಿರುವುದು ಏನನ್ನು ಎಂಬುದನ್ನು ತಿಳಿದೇ ಪ್ರಾರ್ಥಿಸಿರಿ. ಹೊಡೆಯುವ ಗಂಡನ ಮನೆಗೆ ಮರಳಬೇಕೆಂದೋ ಪೊಲೀಸರಿಗೆ ದೂರು ಕೊಡಬಾರದೆಂದೋ ಈ ಮಾತಿಗೆ ಅರ್ಥ ಹಚ್ಚುವವರಿಗೆ ಕಿವಿಗೊಡಬೇಡಿರಿ.

ಶುಕ್ರವಾರ ಮತ್ತು ಶನಿವಾರ ಶೋಧನೆ (ಪಾಪದ ಸೆಳೆತ) ಹಾಗೂ ಕೇಡಿನ ಬೇಡಿಕೆಗಳು: ನಮ್ಮನ್ನು ಶೋಧನೆಯೊಳಗೆ ಸೇರಿಸಬೇಡ, ಕೇಡಿನಿಂದ ತಪ್ಪಿಸು ಎಂಬವು. ದೇವರು ಯಾರನ್ನೂ ಪಾಪಕ್ಕೆ ಎಳೆಯುವುದಿಲ್ಲವೆಂದು ಬೈಬಲಿನ ಯಾಕೋಬನ ಪತ್ರಿಕೆ ಸ್ಪಷ್ಟಪಡಿಸುತ್ತದೆ. ಹಾಗಾಗಿ ನೀವು ಎಡವುವ ಹೊತ್ತನ್ನೂ ಜಾಗವನ್ನೂ, ಉದಾಹರಣೆಗೆ ರಾತ್ರಿ ಹನ್ನೊಂದರ ಮೊಬೈಲನ್ನು, ಹೆಸರಿಟ್ಟೇ ದೇವರ ಮುಂದೆ ಹೇಳಿರಿ.

'ರಾಜ್ಯವೂ ಬಲವೂ ಮಹಿಮೆಯೂ' ಎಂಬ ಮುಕ್ತಾಯ ಮತ್ತಾಯನ ಅತಿ ಹಳೆಯ ಹಸ್ತಪ್ರತಿಗಳಲ್ಲಿಲ್ಲ. ನಿಮ್ಮ ಸಭೆಯ ರೂಢಿಯಂತೆ ಹೇಳಿರಿ. ಆದಿ ಸಭೆಯ ಕೈಪಿಡಿಯಾದ 'ದಿದಾಖೆ'ಯು ದಿನಕ್ಕೆ ಮೂರು ಬಾರಿ ಹೀಗೆ ಪ್ರಾರ್ಥಿಸಲು ಹೇಳುತ್ತದೆ. ಬೆಳಗಿನ ಗಡಿಬಿಡಿಯಲ್ಲಿ ತಪ್ಪಿಹೋದವರಿಗೆ ಮಧ್ಯಾಹ್ನವೂ ಸಂಜೆಯೂ ಇವೆ.